ಕೀಟಕ್ಕೆ ತಕ್ಕ ಶತ್ರು: ತೆಂಗಿನ ಬಿಳಿನೊಣ ಕಲಿಸುವ ಪಾಠ

2025ರಲ್ಲಿ ತೆಂಗಿನಕಾಯಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಅದರ ಬಿಸಿ ಮುಂಬಯಿ ಮಹಾನಗರದ ಕನ್ನಡಿಗರ ಅಡುಗೆಮನೆಗಳಿಗೂ ತಟ್ಟಿತು. ವಾಶಿಯ ಸಗಟು ಮಾರುಕಟ್ಟೆಯಿಂದ ಮೊದಲ್ಗೊಂಡು ಥಾಣೆ, ಡೊಂಬಿವಲಿ, ಕಲ್ಯಾಣ್ ರೈಲು ನಿಲ್ದಾಣಗಳ ಹೊರಗಿನ ಅಂಗಡಿಗಳವರೆಗೆ ಕಾಯಿಯ ದರವೇ ಮಾತಿನ ವಸ್ತುವಾಯಿತು. ಹವಾಮಾನದ ಏರುಪೇರು, ಎಳನೀರಿಗೆ ಹೆಚ್ಚಿದ ಬೇಡಿಕೆ, ಹಳೆಯದಾಗುತ್ತಿರುವ ತೋಟಗಳು ಎಂದು ಅನೇಕ ಕಾರಣಗಳನ್ನು ತಜ್ಞರೂ ವ್ಯಾಪಾರಿಗಳೂ ಮುಂದಿಟ್ಟರು. ಆ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಂಡ ಇನ್ನೊಂದು ಹೆಸರು ಬಿಳಿನೊಣ.

ಈ ನೊಣದ ವಿಷಯ ನಮ್ಮವರಿಗೆ ಕೇವಲ ಮಾರುಕಟ್ಟೆಯ ಸುದ್ದಿಯಲ್ಲ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಕಾಸರಗೋಡುಗಳಿಂದ ಬಂದು ಇಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಅನೇಕ ಕುಟುಂಬಗಳಿಗೆ ಊರಿನಲ್ಲಿ ಹತ್ತಿಪ್ಪತ್ತು ತೆಂಗಿನ ಮರಗಳಾದರೂ ಇವೆ. ತೋಟವನ್ನು ನೋಡಿಕೊಳ್ಳುವವರು ಅಲ್ಲಿ, ಹಣ ಕಳುಹಿಸುವವರು ಇಲ್ಲಿ. ‘ಗರಿಗಳೆಲ್ಲ ಮಸಿ ಬಳಿದ ಹಾಗಾಗಿವೆ, ಮದ್ದು ಬಿಡಿಸುವುದೋ ಬೇಡವೋ?’ ಎಂಬ ಪ್ರಶ್ನೆ ದೂರವಾಣಿಯಲ್ಲಿ ಬಂದಾಗ ಉತ್ತರ ಹೇಳಬೇಕಾದವರು ಡೊಂಬಿವಲಿಯಲ್ಲೋ ನೆರೂಲ್‌ನಲ್ಲೋ ಇರುತ್ತಾರೆ. ಆ ಉತ್ತರ ಸರಿಯಾಗಿರಬೇಕಾದರೆ, ಕೃಷಿ ವಿಜ್ಞಾನದಲ್ಲಿ ‘ಜೈವಿಕ ನಿಯಂತ್ರಣ’ ಎನ್ನಲಾಗುವ ವಿಧಾನದ ಬಗ್ಗೆ, ಅದರಲ್ಲೂ ಒಂದು ಕೀಟಕ್ಕೆ ತಕ್ಕ ಶತ್ರುವನ್ನು ಆರಿಸುವ ಬಗೆಯ ಬಗ್ಗೆ, ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಬಂದ ಕೀಟ, ಹಿಂದೆಯೇ ಇದ್ದ ಕಣಜ

ತೆಂಗಿಗೆ ತಗಲಿರುವ ಸುರುಳಿ ಬಿಳಿನೊಣ ನಮ್ಮ ನೆಲದ ಕೀಟವಲ್ಲ. ಅದರ ಮೂಲ ಮಧ್ಯ ಅಮೆರಿಕ. ಅಲ್ಲಿನ ಬೆಲೀಜ್ ದೇಶದ ತೆಂಗಿನ ಗರಿಗಳಿಂದ ಸಂಗ್ರಹಿಸಿದ ಮಾದರಿಗಳ ಆಧಾರದ ಮೇಲೆ 2004ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. 2009ರಲ್ಲಿ ಅದು ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಮತ್ತು ಅದಕ್ಕೆ ಹೊಂದಿಕೊಂಡ ಕೇರಳದ ಪಾಲಕ್ಕಾಡ್ ಕಡೆಯ ತೋಟಗಳಲ್ಲಿ ಪತ್ತೆಯಾಯಿತು. ಕೆಲವೇ ಕಾಲದಲ್ಲಿ ಕರ್ನಾಟಕ, ಆಂಧ್ರಪ್ರದೇಶಗಳಿಗೂ, ಮುಂದೆ ಗೋವಾ ಮತ್ತು ಮಹಾರಾಷ್ಟ್ರದ ಕೊಂಕಣ ತೀರಕ್ಕೂ ವ್ಯಾಪಿಸಿತು. ಗರಿಯ ಅಡಿಭಾಗದಲ್ಲಿ ಮೇಣದಂತಹ ಬಿಳಿ ಸುರುಳಿಗಳನ್ನು ಬಿಡಿಸಿ ಮೊಟ್ಟೆಯಿಡುವುದರಿಂದ ಅದಕ್ಕೆ ಆ ಹೆಸರು. ಮರಿಗಳು ರಸ ಹೀರಿ ಅಂಟಾದ ಸಿಹಿದ್ರವವನ್ನು ವಿಸರ್ಜಿಸುತ್ತವೆ. ಆ ದ್ರವ ಕೆಳಗಿನ ಗರಿಗಳ ಮೇಲೆ, ಅಡಿಯಲ್ಲಿರುವ ಬಾಳೆ, ಕಾಳುಮೆಣಸುಗಳ ಎಲೆಗಳ ಮೇಲೆ ಬಿದ್ದು ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮಸಿ ಬಳಿದಂತೆ ಕಾಣುವುದು ಇದೇ.

ಹೊರಗಿನಿಂದ ಬಂದ ಕೀಟವೊಂದು ಹೀಗೆ ಹುಚ್ಚೆದ್ದು ಬೆಳೆಯಲು ಕಾರಣವೇನು? ತನ್ನ ಮೂಲ ನೆಲದಲ್ಲಿ ಅದು ಹತ್ತರಲ್ಲಿ ಒಂದಾಗಿ ಬದುಕಿರುತ್ತದೆ. ಅದನ್ನು ತಿನ್ನುವ ಹುಳುಗಳು, ಅದರ ದೇಹದೊಳಗೆ ಮೊಟ್ಟೆಯಿಡುವ ಕಣಜಗಳು, ಅದಕ್ಕೆ ತಗಲುವ ಶಿಲೀಂಧ್ರಗಳು ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಗಿಡದ ಸಸಿಯೊಡನೆಯೋ ಹಣ್ಣಿನ ಬುಟ್ಟಿಯೊಡನೆಯೋ ಸಮುದ್ರ ದಾಟುವಾಗ ಕೀಟ ಮಾತ್ರ ಬರುತ್ತದೆ, ಶತ್ರುಗಳು ಅಲ್ಲಿಯೇ ಉಳಿಯುತ್ತವೆ. ಆದ್ದರಿಂದ ಕೀಟದ ತವರನ್ನು ಹುಡುಕಿ, ಅಲ್ಲಿಂದ ಅದರ ಶತ್ರುವನ್ನು ತರುವುದು ಜೈವಿಕ ನಿಯಂತ್ರಣದ ಹಳೆಯ ಕ್ರಮ. 1888-89ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿಯಂತಹ ಶಲ್ಕಕೀಟದಿಂದ ಪಾರುಮಾಡಿದ್ದು ಆಸ್ಟ್ರೇಲಿಯಾದಿಂದ ತಂದ ಒಂದು ಪುಟ್ಟ ಗುಲಗಂಜಿ ಹುಳು.

ತೆಂಗಿನ ಬಿಳಿನೊಣದ ವಿಷಯದಲ್ಲಿ ಮಾತ್ರ ಅಂತಹ ಪ್ರಯಾಣ ಬೇಕಾಗಲಿಲ್ಲ. ತೋಟಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ‘ಎನ್‌ಕಾರ್ಸಿಯಾ ಗ್ವಾಡೆಲೂಪೆ’ ಎಂಬ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ಕಣಜ ಅಲ್ಲಿ ಆಗಲೇ ಕೆಲಸದಲ್ಲಿರುವುದು ಗೋಚರಿಸಿತು. 1993ರಲ್ಲಿ ಕೇರಳದಲ್ಲಿ ಮರಗೆಣಸಿನ ಮೇಲೆ ಕಾಣಿಸಿಕೊಂಡಿದ್ದ ಇನ್ನೊಂದು ಜಾತಿಯ ಸುರುಳಿ ಬಿಳಿನೊಣದ ಬೆನ್ನಟ್ಟಿ, ಯಾರೂ ತರದೆಯೇ ದೇಶದೊಳಗೆ ಬಂದು ನೆಲೆಸಿದ್ದ ಕಣಜ ಇದು. ಹೆಣ್ಣು ಕಣಜ ಬಿಳಿನೊಣದ ಮರಿಯಲ್ಲಿ ಮೊಟ್ಟೆಯಿಡುತ್ತದೆ. ಅದರ ಹುಳು ಮರಿಯನ್ನು ತಿಂದು ಬೆಳೆದು, ಕೋಶದ ಬೆನ್ನಿನಲ್ಲಿ ಗುಂಡನೆಯ ರಂಧ್ರ ಕೊರೆದು ಹೊರಬರುತ್ತದೆ. ಕೀಟನಾಶಕ ಸೋಕದ ಅನೇಕ ತೋಟಗಳಲ್ಲಿ ಅರ್ಧಕ್ಕೂ ಹೆಚ್ಚು ಮರಿಗಳು ಈ ಕಣಜಕ್ಕೆ ಬಲಿಯಾಗುತ್ತಿದ್ದುದನ್ನು ವಿಜ್ಞಾನಿಗಳು ದಾಖಲಿಸಿದರು.

ಹೀಗಾಗಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮವರ ಬಾಯಲ್ಲಿ ಸಿಪಿಸಿಆರ್‌ಐ, ಮತ್ತು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ನೀಡಿದ ಸಲಹೆ ಮೇಲ್ನೋಟಕ್ಕೆ ವಿಚಿತ್ರವೆನಿಸುವಂತಿತ್ತು: ರಾಸಾಯನಿಕ ಸಿಂಪಡಿಸಬೇಡಿ. ಸಿಂಪಡಿಸಿದರೆ ಮೊದಲು ಸಾಯುವುದು ಗರಿಯ ಮೇಲೆ ತೆರೆದುಕೊಂಡು ಓಡಾಡುವ ಕಣಜ. ಮೇಣದ ಹೊದಿಕೆಯಡಿಯಲ್ಲಿರುವ ಬಿಳಿನೊಣದ ಮರಿಗಳಲ್ಲಿ ಅನೇಕವು ಉಳಿದುಕೊಳ್ಳುತ್ತವೆ. ಶತ್ರುವಿಲ್ಲದ ತೋಟದಲ್ಲಿ ಅವು ಮೊದಲಿಗಿಂತ ಬೇಗ ಹೆಚ್ಚುತ್ತವೆ. ಇಲ್ಲಿ ‘ಆಯ್ಕೆ’ ಎಂದರೆ ಹೊಸದನ್ನು ತರುವುದಲ್ಲ, ಇರುವುದನ್ನು ಗುರುತಿಸಿ ಉಳಿಸಿಕೊಳ್ಳುವುದು.

ತರಲೇಬೇಕಾದ ಸಂದರ್ಭ

ಸುಮ್ಮನಿರುವುದೇ ಎಲ್ಲ ಕಾಲಕ್ಕೂ ಮದ್ದು ಎಂದು ಇದರ ಅರ್ಥವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ ಈ ಕೀಟ ಪಪ್ಪಾಯಿಯನ್ನು ಮಾತ್ರವಲ್ಲ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಮೊದಲಾದ ಹತ್ತಾರು ಗಿಡಗಳನ್ನು ಮುತ್ತಿತು. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಪಪ್ಪಾಯಿ ತೋಟಗಳು ಹಾಳಾದವು, ರೇಷ್ಮೆ ಬೆಳೆಗಾರರೂ ಕಂಗೆಟ್ಟರು. ಮದ್ದು ಹೊಡೆದಷ್ಟೂ ಕೀಟ ಮರಳಿ ಬಂತು.

ದೇಶದಲ್ಲಿ ಹಿಟ್ಟು ತಿಗಣೆಗಳನ್ನು ತಿನ್ನುವ ಗುಲಗಂಜಿ ಹುಳು ಇಲ್ಲದಿರಲಿಲ್ಲ. 1898ರಲ್ಲಿಯೇ ಆಸ್ಟ್ರೇಲಿಯಾದಿಂದ ತರಿಸಿದ್ದ ಕ್ರಿಪ್ಟೊಲೀಮಸ್ ಎಂಬ ಹುಳು ದಕ್ಷಿಣ ಭಾರತದಲ್ಲಿ ನೆಲೆಗೊಂಡಿದೆ. ಆದರೆ ಅದು ಹಲವು ಬಗೆಯ ಹಿಟ್ಟು ತಿಗಣೆಗಳನ್ನು ತಿನ್ನುವ ಸಾಮಾನ್ಯ ಭಕ್ಷಕ. ಕೀಟ ದಟ್ಟವಾಗಿದ್ದಲ್ಲಿ ಬಂದು ತಿನ್ನುತ್ತದೆ, ವಿರಳವಾದೊಡನೆ ಬೇರೆಡೆಗೆ ಹೋಗುತ್ತದೆ. ಉಳಿದ ಕೆಲವು ತಿಗಣೆಗಳಿಂದ ಮತ್ತೆ ಸಂತತಿ ಬೆಳೆಯುತ್ತದೆ. ಬೇಕಾಗಿದ್ದದ್ದು ಈ ತಿಗಣೆಯನ್ನೇ ನಂಬಿ ಬದುಕುವ, ಒಂದೇ ಒಂದು ಇದ್ದರೂ ಹುಡುಕಿ ಹಿಡಿಯುವ ಶತ್ರು.

2010ರ ಜುಲೈನಲ್ಲಿ ಬೆಂಗಳೂರಿನ ಮೇಲೆ ಹೇಳಿದ ಸಂಸ್ಥೆ, ಆಗಿನ ಹೆಸರಿನಲ್ಲಿ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೋ, ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವನ್ನು ನೇರವಾಗಿ ಹೊಲಕ್ಕೆ ಬಿಡಲಿಲ್ಲ. ಮುಚ್ಚಿದ ಕೊಠಡಿಗಳಲ್ಲಿ ಸಾಕಿ, ರೇಷ್ಮೆಹುಳುವಿಗಾಗಲಿ ಜೇನಿಗಾಗಲಿ ನಮ್ಮಲ್ಲಿನ ಉಪಕಾರಿ ಕೀಟಗಳಿಗಾಗಲಿ ತೊಂದರೆಯಿಲ್ಲವೆಂದು ಪರೀಕ್ಷಿಸಿ, ಅನುಮತಿ ಪಡೆದ ಬಳಿಕ ಬಿಡುಗಡೆ ಮಾಡಲಾಯಿತು. ಮೂರರಲ್ಲಿ ‘ಅಸಿರೊಫಾಗಸ್ ಪಪಾಯೆ’ ಎಂಬುದು ಉಳಿದೆರಡನ್ನು ಮೀರಿ ಹರಡಿತು. ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಮುಖವಾಯಿತು. ಇಂದು ಥಾಣೆಯ ಅಂಗಡಿಯಲ್ಲಿ ಪಪ್ಪಾಯಿ ಕೊಳ್ಳುವವರಿಗೆ ಅಂತಹದೊಂದು ಸಂಕಟ ನಡೆದುಹೋದ ನೆನಪೂ ಇಲ್ಲದಿರುವುದೇ ಆ ಆಯ್ಕೆಯ ಯಶಸ್ಸಿಗೆ ಸಾಕ್ಷಿ.

ಹೆಸರು ತಪ್ಪಿದರೆ ಕೆಲಸ ಕೆಟ್ಟಂತೆ

ಶತ್ರುವನ್ನು ಆರಿಸುವ ಮೊದಲು ಕೀಟ ಯಾವುದೆಂದು ಖಚಿತವಾಗಬೇಕು. ನೋಡಲು ಒಂದೇ ತೆರನಾಗಿರುವ ಎರಡು ತಿಗಣೆಗಳು ಬೇರೆ ಬೇರೆ ಜಾತಿಯವಾಗಿದ್ದರೆ ಒಂದರ ಕಣಜ ಇನ್ನೊಂದನ್ನು ಮೂಸಿಯೂ ನೋಡುವುದಿಲ್ಲ. 1970ರ ದಶಕದಲ್ಲಿ ಆಫ್ರಿಕಾದ ಕೋಟ್ಯಂತರ ಜನರ ಆಹಾರವಾದ ಮರಗೆಣಸಿಗೆ ದಕ್ಷಿಣ ಅಮೆರಿಕದಿಂದ ಹಿಟ್ಟು ತಿಗಣೆ ತಗಲಿತು. ಶತ್ರುವನ್ನು ಹುಡುಕಹೊರಟವರು ಮೊದಲು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಹೋಲುವ ತಿಗಣೆಯನ್ನು ಕಂಡು ಅದರ ಕಣಜಗಳನ್ನು ತಂದರು. ಅವು ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಅದು ಬೇರೆಯೇ ಜಾತಿ ಎಂದು ಬಳಿಕ ತಿಳಿಯಿತು. 1981ರಲ್ಲಿ ಪರಗ್ವೆಯಲ್ಲಿ ನಿಜವಾದ ತಿಗಣೆ ಸಿಕ್ಕಿತು, ಅದರೊಡನೆ ‘ಅನಾಗೈರಸ್ ಲೊಪೆಜಿ’ ಎಂಬ ಕಣಜವೂ ಸಿಕ್ಕಿತು. ಆ ಕಣಜ ಆಫ್ರಿಕಾದ ಮರಗೆಣಸನ್ನು ಉಳಿಸಿತು. ಆ ಕಾರ್ಯದ ನೇತೃತ್ವ ವಹಿಸಿದ್ದ ಹಾನ್ಸ್ ಹೆರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ಅದೇ ತಿಗಣೆ 2020ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಕಾಣಿಸಿ ತಮಿಳುನಾಡಿನ ಮರಗೆಣಸಿನ ಹೊಲಗಳಿಗೆ ಹಬ್ಬಿದಾಗ ನಮ್ಮ ವಿಜ್ಞಾನಿಗಳು ಕತ್ತಲಲ್ಲಿ ತಡಕಾಡಬೇಕಾಗಲಿಲ್ಲ. ಕೀಟದ ಹೆಸರು ಖಚಿತವಾಗಿತ್ತು, ಶತ್ರುವೂ ಗೊತ್ತಿತ್ತು. 2021ರಲ್ಲಿ ಆಫ್ರಿಕಾದ ಬೆನಿನ್‌ನಿಂದ ಅದೇ ಕಣಜವನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 2022ರ ಮಾರ್ಚ್‌ನಲ್ಲಿ ಸೇಲಂ ಜಿಲ್ಲೆಯಲ್ಲಿ ಬಿಡುಗಡೆ ಮಾಡಲಾಯಿತು. ಹುಳುಗಳ ಜಾತಿ ಗುರುತಿಸುವ ವಿದ್ವಾಂಸರ ಕೆಲಸ ಸೂಕ್ಷ್ಮದರ್ಶಕದ ಮುಂದೆ ಸದ್ದಿಲ್ಲದೆ ನಡೆಯುತ್ತದೆ. ಹೊಲದ ರೈತನ ಭವಿಷ್ಯ ಎಷ್ಟೋ ಬಾರಿ ಆ ಮೇಜಿನ ಮೇಲೆ ನಿರ್ಧಾರವಾಗುತ್ತದೆ.

ಏನನ್ನು ತಿನ್ನುತ್ತದೆ, ಏನನ್ನು ತಿನ್ನುವುದಿಲ್ಲ

ಎರಡನೆಯ ಪ್ರಶ್ನೆ ಶತ್ರುವಿನ ಆಹಾರದ ಮಿತಿ. ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿ ಎಂದೂ ಒಳ್ಳೆಯ ಆಯ್ಕೆಯಲ್ಲ. ಇದಕ್ಕೆ ನಮ್ಮದೇ ಮುಂಗುಸಿ ಜಗತ್ತಿಗೆ ಪಾಠವಾಯಿತು. 1872ರಲ್ಲಿ ಕಬ್ಬಿನ ಗದ್ದೆಗಳ ಇಲಿಗಳನ್ನು ಕೊಲ್ಲಿಸಲೆಂದು ಕಲಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ಒಯ್ದರು. ಅಲ್ಲಿಂದ ಅವು ಇತರ ದ್ವೀಪಗಳಿಗೂ ಹೋದವು. ಇಲಿಗಳು ಹೆಚ್ಚಾಗಿ ರಾತ್ರಿ ಓಡಾಡುವವು, ಮುಂಗುಸಿ ಹಗಲಿನದು. ಇಲಿಗಳ ಬದಲು ಅದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನೂ ಹಾವು ಹಲ್ಲಿಗಳನ್ನೂ ಕೋಳಿಗಳನ್ನೂ ಹಿಡಿದು ತಿಂದಿತು. ಒಮ್ಮೆ ಬಿಟ್ಟ ಪ್ರಾಣಿಯನ್ನು ಮರಳಿ ಗೂಡಿಗೆ ಸೇರಿಸಲು ಯಾರಿಂದಲೂ ಆಗಲಿಲ್ಲ.

ನಮ್ಮ ನಾಡಿನಲ್ಲಿಯೇ ಈ ಭಯ ಎದುರಾದದ್ದು ಪಾರ್ಥೇನಿಯಂ ಕಳೆಯ ವಿಷಯದಲ್ಲಿ. ಕರ್ನಾಟಕದಲ್ಲಿ ಕಾಂಗ್ರೆಸ್ ಗಿಡವೆಂದೂ ಮಹಾರಾಷ್ಟ್ರದಲ್ಲಿ ಗಾಜರ್ ಗವತ್ ಎಂದೂ ಕರೆಯುವ ಈ ಕಳೆಯನ್ನು 1955ರಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಅಲ್ಲಿಂದ ಅದು ಹೊಲ, ರಸ್ತೆಬದಿ, ರೈಲು ಹಳಿಗಳ ಅಂಚುಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ಒಂದು ದುಂಬಿಯನ್ನು 1983ರಲ್ಲಿ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಅದು ನೆಲೆಯೂರಿ ಹರಡಿತು. ಆದರೆ 1991ರ ಹೊತ್ತಿಗೆ ಆ ದುಂಬಿ ಸೂರ್ಯಕಾಂತಿ ಎಲೆಗಳನ್ನು ಕಡಿಯುತ್ತಿರುವುದು ಕಂಡಾಗ ರೈತರಲ್ಲಿ ಆತಂಕ ಹುಟ್ಟಿತು, ವಿಜ್ಞಾನಿಗಳ ನಡುವೆ ವಾದ ಎದ್ದಿತು. ಪರಿಶೀಲನೆಯಲ್ಲಿ ತಿಳಿದುಬಂದದ್ದೇನೆಂದರೆ, ಪಕ್ಕದ ಪಾರ್ಥೇನಿಯಂ ಗಿಡಗಳ ಪರಾಗ ಸೂರ್ಯಕಾಂತಿ ಎಲೆಗಳ ಮೇಲೆ ಬಿದ್ದಲ್ಲಿ ಬೆಳೆದ ದುಂಬಿಗಳು ಅಲ್ಲಿಷ್ಟು ಇಲ್ಲಿಷ್ಟು ಕಡಿಯುತ್ತವೆ, ಆದರೆ ಸೂರ್ಯಕಾಂತಿಯನ್ನೇ ತಿಂದು ಸಂತಾನ ಬೆಳೆಸಲು ಅವಕ್ಕೆ ಸಾಧ್ಯವಿಲ್ಲ. ದುಂಬಿ ದೇಶದ ಅನೇಕ ಕಡೆ ನೆಲೆಯಾಗಿದೆ, ಸೂರ್ಯಕಾಂತಿ ಬೆಳೆಗೆ ಅದರಿಂದ ನಾಶ ಬಂದಿಲ್ಲ. ಆದರೂ ರೈತರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೆಳೆ ಅವರದು, ನಷ್ಟವಾದರೆ ಅದೂ ಅವರದೇ. ಬಿಡುಗಡೆಗೆ ಮೊದಲು ಪರೀಕ್ಷೆ ಮಾಡುವಷ್ಟೇ ಮುಖ್ಯ, ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಗಮನಿಸಿ ಜನರಿಗೆ ತಿಳಿಯುವ ಭಾಷೆಯಲ್ಲಿ ಉತ್ತರ ಹೇಳುವುದು.

ಗಡಿಯ ಕಬ್ಬಿನ ಅನುಭವ

ಶತ್ರು ಪರದೇಶದಿಂದಲೇ ಬರಬೇಕೆಂದೂ ಇಲ್ಲ. 2002ರ ಜುಲೈನಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿತು. ಅದೇ ವರ್ಷ ಗಡಿ ದಾಟಿ ಉತ್ತರ ಕರ್ನಾಟಕದ ಕಬ್ಬಿಗೂ ತಗಲಿತು. ಈ ಹೇನು ಈಶಾನ್ಯ ಭಾರತದಲ್ಲಿ ಮೊದಲಿನಿಂದಲೂ ಇದ್ದದ್ದೇ, ದಕ್ಕನ್ನಿನ ಕಬ್ಬಿಗೆ ಮಾತ್ರ ಹೊಸದು. ಕಾರ್ಖಾನೆಗಳೂ ರೈತರೂ ದೊಡ್ಡ ಪ್ರಮಾಣದಲ್ಲಿ ಕೀಟನಾಶಕ ಬಳಸಿದರು. ಎತ್ತರಕ್ಕೆ ಬೆಳೆದ ಕಬ್ಬಿನ ನಡುವೆ ನುಗ್ಗಿ ಸಿಂಪಡಿಸುವುದು ಎಷ್ಟು ಕಷ್ಟವೆಂಬುದು ಕಬ್ಬು ಬೆಳೆದವರಿಗೆ ಗೊತ್ತು.

ಕ್ರಮೇಣ ಡೀಫಾ ಎಂಬ ಪತಂಗದ ಹುಳುವೂ ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟವೂ ಹೇನುಗಳನ್ನು ತಿನ್ನುತ್ತಿರುವುದು ಕಂಡುಬಂತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅವುಗಳನ್ನು ಸಾಕಿ ಹಂಚುವ ಕೆಲಸ ಮಾಡಿತು. ಈಶಾನ್ಯ ಭಾರತದಿಂದ ಒಂದು ಜಾತಿಯ ಎನ್‌ಕಾರ್ಸಿಯಾ ಕಣಜವನ್ನೂ ತರಲಾಯಿತು. ಅಂದರೆ ಕೀಟ ದೇಶದೊಳಗೇ ಸ್ಥಳ ಬದಲಿಸಿದಾಗ ಶತ್ರುವೂ ದೇಶದೊಳಗಿನಿಂದಲೇ ದೊರೆಯಿತು. ಸಾಂಗ್ಲಿಯ ಮರಾಠಿ ರೈತನಿಗೂ ಬೆಳಗಾವಿಯ ಕನ್ನಡ ರೈತನಿಗೂ ಒಂದೇ ಹೇನು, ಒಂದೇ ಪರಿಹಾರ. ಗಡಿಯ ವಾದಗಳು ಹುಳುಗಳಿಗೆ ಗೊತ್ತಿಲ್ಲ.

ಮಿತಿಗಳನ್ನೂ ಹೇಳಬೇಕು

ಜೈವಿಕ ನಿಯಂತ್ರಣವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಮಾಚಬಾರದು. ಅದು ಕೀಟವನ್ನು ನಿರ್ಮೂಲ ಮಾಡುವುದಿಲ್ಲ. ಕೀಟ ಪೂರ್ತಿ ಇಲ್ಲವಾದರೆ ಅದನ್ನೇ ನಂಬಿದ ಕಣಜವೂ ಇಲ್ಲವಾಗುತ್ತದೆ. ಎರಡೂ ಕಡಿಮೆ ಸಂಖ್ಯೆಯಲ್ಲಿ ಉಳಿದುಕೊಳ್ಳುವುದೇ ಇಲ್ಲಿನ ಗೆಲುವು. ತೆಂಗಿನ ತೋಟದಲ್ಲಿ ಬೇಸಗೆಯಲ್ಲಿ ಬಿಳಿನೊಣ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ, ಕಣಜ ಸ್ವಲ್ಪ ತಡವಾಗಿ ಅದನ್ನು ಹಿಂಬಾಲಿಸುತ್ತದೆ. ಆ ತಡದ ತಿಂಗಳುಗಳಲ್ಲಿ ಗರಿ ಕಪ್ಪಾಗುತ್ತದೆ, ಮರ ಸೊರಗುತ್ತದೆ. ತೆಂಗನ್ನೇ ನಂಬಿದ ಸಣ್ಣ ಹಿಡುವಳಿದಾರನಿಗೆ ‘ತಾಳ್ಮೆಯಿರಲಿ’ ಎಂದು ಹೇಳುವುದು ಸುಲಭ. ಆ ತಾಳ್ಮೆಯ ಬೆಲೆಯನ್ನು ತೆರುವವನು ಅವನು. ಸರಕಾರಗಳು ಕಣಜವನ್ನು ನೆಚ್ಚಿಕೊಳ್ಳಿ ಎಂದು ಸಲಹೆ ಕೊಡುವಾಗ, ಆ ಅವಧಿಯ ನಷ್ಟಕ್ಕೆ ನೆರವನ್ನೂ ತೋಟಕ್ಕೆ ಬಂದು ನೋಡಿ ಹೇಳುವ ಸಿಬ್ಬಂದಿಯನ್ನೂ ಕೊಡಬೇಕಾಗುತ್ತದೆ. ಬರಿಯ ಸಲಹೆ ಅರ್ಧ ಕೆಲಸ ಮಾತ್ರ.

ಇನ್ನೊಂದು ತೊಡಕೂ ಇದೆ. 2018ರ ಬಳಿಕ ನಮ್ಮ ತೆಂಗಿನ ಮೇಲೆ ಗೂಡು ಕಟ್ಟುವ ಬಿಳಿನೊಣಗಳೂ, 2019ರಲ್ಲಿ ಮಂಡ್ಯದ ಕಡೆ ಇನ್ನೊಂದು ಬಗೆಯ ಬಿಳಿನೊಣವೂ ಪತ್ತೆಯಾಗಿವೆ. ದೂರದಿಂದ ನೋಡಿದರೆ ಎಲ್ಲವೂ ಬಿಳಿನೊಣವೇ. ಆದರೆ ಒಂದು ಜಾತಿಗೆ ಒಗ್ಗಿದ ಕಣಜ ಇನ್ನೊಂದಕ್ಕೂ ಅಷ್ಟೇ ಒಗ್ಗುತ್ತದೆ ಎಂದು ಭಾವಿಸುವಂತಿಲ್ಲ. ಆಫ್ರಿಕಾದ ಮರಗೆಣಸಿನ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ‘ಕಣಜ ಕೆಲಸ ಮಾಡಲಿಲ್ಲ’ ಎಂಬ ದೂರು ಬಂದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವ ನೊಣ ಎಂಬುದು, ಅನಂತರ ಯಾವ ಮದ್ದು ಹೊಡೆಯಲಾಗಿತ್ತು ಎಂಬುದು.

ಇಲ್ಲಿದ್ದುಕೊಂಡು ಮಾಡಬಹುದಾದದ್ದು

ಹಾಗಾದರೆ ಊರಿನಿಂದ ದೂರವಾಣಿ ಬಂದಾಗ ನಮ್ಮವರು ಏನು ಹೇಳಬೇಕು? ಅವಸರದಲ್ಲಿ ಕೀಟನಾಶಕಕ್ಕೆ ಹಣ ಕಳುಹಿಸುವ ಮೊದಲು, ಬಾಧಿತ ಗರಿಯ ಒಂದೆರಡು ಎಲೆಗಳನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ದು ತೋರಿಸಲು ಹೇಳಬಹುದು. ಕಾಸರಗೋಡು ಹತ್ತಿರದವರಿಗೆ ಸಿಪಿಸಿಆರ್‌ಐ ಇದೆ, ಪುತ್ತೂರು, ಬಂಟ್ವಾಳದ ಕಡೆಯವರಿಗೆ ಅದರ ವಿಟ್ಲದ ಕೇಂದ್ರವಿದೆ. ಕೋಶಗಳ ಬೆನ್ನಿನಲ್ಲಿ ಗುಂಡನೆಯ ರಂಧ್ರಗಳು ಬಹಳವಿದ್ದರೆ ಕಣಜ ಕೆಲಸದಲ್ಲಿದೆ ಎಂದರ್ಥ, ಅಲ್ಲಿ ಮದ್ದು ಹೊಡೆಸುವುದು ಕೆಲಸದವನನ್ನು ಹೊಡೆದೋಡಿಸಿದಂತೆ. ಕಣಜ ಕಡಿಮೆಯಿರುವ ತೋಟಕ್ಕೆ, ಅದು ಹೆಚ್ಚಿರುವ ತೋಟದಿಂದ ಗರಿಯ ತುಂಡುಗಳನ್ನು ತಂದು ಕಟ್ಟುವ ಕ್ರಮವನ್ನೂ ವಿಜ್ಞಾನಿಗಳು ಸೂಚಿಸಿದ್ದಾರೆ. ಎಳೆಯ ಮರಗಳಿಗೆ ನೀರನ್ನು ರಭಸದಿಂದ ಚಿಮ್ಮಿಸುವುದು, ತೀರ ಹೆಚ್ಚಾದಲ್ಲಿ ಬೇವಿನ ಎಣ್ಣೆ, ಕಪ್ಪು ಬೂಷ್ಟಿಗೆ ಗಂಜಿಯ ತಿಳಿದ್ರಾವಣ, ಮರಕ್ಕೆ ಸಾಕಷ್ಟು ನೀರು ಗೊಬ್ಬರ: ಇವೇ ಉಳಿದ ಉಪಾಯಗಳು. ಇದರಲ್ಲಿ ಯಾವುದೂ ಬಾವಿಯ ನೀರನ್ನು ಕೆಡಿಸುವುದಿಲ್ಲ.

ರಜೆಗೆ ಊರಿಗೆ ಹೋದವರು ಮರಳುವಾಗ ಸಸಿ, ಹೂಗಿಡಗಳನ್ನು ತರುವುದೂ ಇಲ್ಲಿಂದ ಒಯ್ಯುವುದೂ ವಾಡಿಕೆ. ಕೀಟಗಳ ಪ್ರಯಾಣಕ್ಕೆ ಇದಕ್ಕಿಂತ ಅನುಕೂಲದ ವಾಹನ ಬೇರಿಲ್ಲ. ಎಲೆಯ ಅಡಿಯನ್ನು ಒಮ್ಮೆ ತಿರುಗಿಸಿ ನೋಡುವ ಅಭ್ಯಾಸವೊಂದು ಬೆಳೆದರೆ ಎಷ್ಟೋ ಹಾನಿ ತಪ್ಪುತ್ತದೆ. ಪರದೇಶದಲ್ಲಿರುವ ಮಕ್ಕಳು ಅಲ್ಲಿಂದ ಗಿಡ, ಬೀಜ, ಹಣ್ಣುಗಳನ್ನು ಚೀಲದಲ್ಲಿ ತರುವುದಂತೂ ಕಾನೂನಿನ ಪ್ರಕಾರವೂ ಸಲ್ಲದು.

ಒಂದು ಕೀಟಕ್ಕೆ ಶತ್ರುವನ್ನು ಆರಿಸುವುದೆಂದರೆ ಅದರ ಸರಿಯಾದ ಹೆಸರನ್ನು, ತವರನ್ನು, ಶತ್ರುವಿನ ಆಹಾರದ ಮಿತಿಯನ್ನು ತಿಳಿಯುವುದು. ಬೇಕಾದಾಗ ತರುವುದು, ಬೇಡವಾದಾಗ ಕೈಕಟ್ಟಿ ಇರುವ ಧೈರ್ಯ ತೋರುವುದು. ಮೊದಲ ಕೆಲಸಗಳು ವಿಜ್ಞಾನಿಗಳದು. ಕೊನೆಯದು ಮಾತ್ರ ತೋಟದ ಒಡೆಯರಾದ ನಮ್ಮ ನಿಮ್ಮೆಲ್ಲರದು. ಬೆಂಗಳೂರು, ಕಾಸರಗೋಡುಗಳಲ್ಲಿ ವರ್ಷಗಟ್ಟಲೆ ಶ್ರಮಿಸಿ ತಿಳಿದುಕೊಂಡದ್ದನ್ನು ಡೊಂಬಿವಲಿಯಿಂದ ಹೋಗುವ ಒಂದು ಅವಸರದ ‘ಹೊಡೆಸಿಬಿಡಿ’ ಎಂಬ ಮಾತು ಒಂದೇ ದಿನದಲ್ಲಿ ವ್ಯರ್ಥಗೊಳಿಸಬಲ್ಲದು.